ಸಾಸ್ವೆಹಳ್ಳಿಗೆ ಹೊತ್ತ ಕೋಳಿಬುಟ್ಟಿ

ನನ್ನ ಚಿಕ್ಕವ್ವ ಮನೆ ಕಳೆದುಕೊಳ್ಳಲು ನಾನೂ ಕಾರಣ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಆಗ ನನಗೆ ಹನ್ನೊಂದು ವರ್ಷ. ಪಾಪ, ಹುಡುಗಿಗೆ ಏನು ಗೊತ್ತಿತ್ತು ಎಂದು ನನ್ನ ಪರವಾಗಿ ಮಾತಾಡುವವರಿದ್ದಾರೆ. ಗೊತ್ತಿತ್ತು. ಪೂರ್ತಿ ಗೊತ್ತಿರಲಿಲ್ಲ ನಿಜ, ಆದರೆ ಬಾಯಿ ಬಿಡಬೇಕಾದಷ್ಟು ಗೊತ್ತಿತ್ತು.

ನಮ್ಮದು ಚನ್ನಗಿರಿ ತಾಲ್ಲೂಕಿನ ಪಡುವಣ ಅಂಚಿನ ಹಳ್ಳಿ. ಚಿಕ್ಕವ್ವ, ಅಂದರೆ ಅವ್ವನ ತಂಗಿ, ಇದ್ದದ್ದು ಸಾಸ್ವೆಹಳ್ಳಿಯಲ್ಲಿ. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಬಹುದಿತ್ತು. ಮದುವೆಯಾದ ಮೂರೇ ವರ್ಷಕ್ಕೆ ಅವಳ ಗಂಡ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಗಂಡನ ಅಣ್ಣತಮ್ಮಂದಿರು ಮನೆಯ ಹಿಂಭಾಗದ ಒಂದು ಕೋಣೆ, ಅದಕ್ಕೆ ಹೊಂದಿದ ಹಿತ್ತಲು ಇಷ್ಟನ್ನು ಅವಳಿಗೆ ಬಿಟ್ಟು, ನಿನ್ನ ಹೊಟ್ಟೆ ನೀನು ನೋಡಿಕೊಳ್ಳುವುದಾದರೆ ಇರು ಎಂದಿದ್ದರು. ಚಿಕ್ಕವ್ವ ಕೋಳಿ ಸಾಕಿದಳು. ಮೊಟ್ಟೆ, ಹುಂಜ ಹೊನ್ನಾಳಿ ಸಂತೆಗೆ ಹೋಗುತ್ತಿದ್ದವು. ಅದರ ಮೇಲೆ ಅವಳ ಉಪ್ಪು, ಎಣ್ಣೆ, ರಾಗಿ ನಡೆಯುತ್ತಿತ್ತು.

"ನನ್ನ ಕೋಳಿ ಇರೋತನಕ ನಾನು ಯಾರ ಮನೆ ಮೂಲೆಗೂ ಬರಾಕಿಲ್ಲ," ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಅಪ್ಪ, ಅವ್ವ ಇಬ್ಬರೂ ನಮ್ಮಲ್ಲಿಗೆ ಬಂದುಬಿಡು ಎಂದು ಬಹಳ ಸಲ ಕರೆದಿದ್ದರು. ಬಾರದಿದ್ದಾಗ ಆ ಕಡೆ ಹೋಗುವವರ ಕೈಯಲ್ಲಿ ಒಂದಿಷ್ಟು ಜೋಳ, ಬೆಲ್ಲ, ಅವ್ವನ ಹಳೆಯ ಸೀರೆ ಕಳಿಸುತ್ತಿದ್ದರು. ಚಿಕ್ಕವ್ವ ಅವನ್ನು ತಗ್ಗಿದ ಮುಖದಲ್ಲಿ ತೆಗೆದುಕೊಳ್ಳುತ್ತಿದ್ದಳು. ಅದು ನಾಚಿಕೆ ಎಂದು ನಾನು ತಿಳಿದಿದ್ದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಯುಗಾದಿ ಕಳೆದು ಹೊಂಗೆ ಚಿಗುರಿತ್ತು, ಬೇವು ಹೂಬಿಟ್ಟು ಅಂಗಳದ ತುಂಬ ಉದುರುತ್ತಿತ್ತು. ಆಗ ನಮ್ಮೂರಿನ ಕೋಳಿಗಳಿಗೆ ಬೇನೆ ಬಿತ್ತು. ಸಾಯಂಕಾಲ ಚೆನ್ನಾಗಿ ಮೇದು ಬಂದ ಕೋಳಿ ಬೆಳಿಗ್ಗೆ ರೆಕ್ಕೆ ಇಳಿಬಿಟ್ಟು ಕೂರುತ್ತಿತ್ತು, ಹಸಿರು ನೀರಿನಂಥ ಹಿಕ್ಕೆ ಹಾಕುತ್ತಿತ್ತು, ಮಾರನೆಯ ದಿನಕ್ಕೆ ಕುತ್ತಿಗೆ ತಿರುಚಿಕೊಂಡು ಬೀಳುತ್ತಿತ್ತು. ಈರುಳ್ಳಿ ತಿನ್ನಿಸಿದರು, ಅರಿಸಿನ ಕಲಸಿದ ಮಜ್ಜಿಗೆ ಕುಡಿಸಿದರು. ಒಂದು ವಾರದಲ್ಲಿ ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ಹುಂಜದ ಕೂಗೇ ನಿಂತುಹೋಯಿತು. ನಮ್ಮ ಮನೆಯಲ್ಲಿ ನಾಲ್ಕು ಉಳಿದಿದ್ದವು.

ಅವ್ವ ಕೈಕಟ್ಟಿ ಕೂರುವವಳಲ್ಲ. "ಪ್ಲೇಗು ಬಂದಾಗ ನಾವು ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕೊಂಡು ಉಳೀಲಿಲ್ಲೇನು? ಇವನ್ನೂ ಊರು ಬಿಡಿಸಿದ್ರೆ ಉಳೀತಾವೆ," ಎಂದಳು. ಈಗ ಕೇಳಿದರೆ ನಗು ಬರಬಹುದು. ಆಗ ಯಾರೂ ನಗಲಿಲ್ಲ. ಪ್ಲೇಗಿನಲ್ಲಿ ಊರೊಳಗೇ ಉಳಿದವರು ಸತ್ತದ್ದನ್ನೂ ಹೊರಗೆ ಹೋದವರು ಬದುಕಿದ್ದನ್ನೂ ಎಲ್ಲರೂ ಕಣ್ಣಾರೆ ಕಂಡಿದ್ದರು. ಆ ವಾರ ನಮ್ಮೂರಿನಿಂದ ಹೊರಡುವ ಒಂದೊಂದು ದಾರಿಯಲ್ಲೂ ಯಾರಾದರೊಬ್ಬರು ಕೋಳಿಬುಟ್ಟಿ ಹೊತ್ತು ನೆಂಟರ ಊರಿಗೆ ನಡೆಯುತ್ತಿದ್ದರು.

ನನ್ನನ್ನು ಸಾಸ್ವೆಹಳ್ಳಿಗೆ ಕಳಿಸುವುದೆಂದಾಯಿತು. ಆ ಕಡೆಗೆ ಹೊರಟಿದ್ದ ನಮ್ಮ ಓಣಿಯ ಮುದುಕಿಯೊಬ್ಬಳು ಜೊತೆಗಿದ್ದಳು. "ಬೇನೆ ಇಳಿಯೋತನಕ ಇಟ್ಕೋ ಅಂದ್ಲು ಅವ್ವ ಅಂತ ಹೇಳು. ಎಂಟು ದಿನ ನೀನೂ ಇದ್ದು ಬಾ," ಎಂದು ಅವ್ವ ನನ್ನ ತಲೆಯ ಮೇಲೆ ಬುಟ್ಟಿ ಇಟ್ಟಳು. ಎಂಟು ದಿನ ಎಂದದ್ದೇ ನನಗೆ ಹಬ್ಬ. ಚಿಕ್ಕವ್ವನ ಮನೆಯೆಂದರೆ ಪ್ರಾಣ ಬಿಡುತ್ತಿದ್ದೆ.

ಅರ್ಧ ದಾರಿಯಲ್ಲಿ ಒಂದು ಹಳ್ಳ ಸಿಗುತ್ತದೆ. ಅದರ ಹತ್ತಿರ ಬರುವಾಗ ಭುಜದ ಮೇಲೆ ಏನೋ ತಣ್ಣಗೆ ಇಳಿಯಿತು. ಕೈಯಲ್ಲಿ ಒರೆಸಿ ನೋಡಿದರೆ ಹಸಿರು. ದಣಿವಾರಿಸಿಕೊಳ್ಳಲು ಅಲ್ಲಿ ಕೂತಾಗ ಮುದುಕಿ ಮರದ ನೆರಳಿನಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದಳು. ನಾನು ಬುಟ್ಟಿಯ ಬಾಯಿ ಬಿಚ್ಚಿದೆ. ಮೂರು ಚೆನ್ನಾಗಿದ್ದವು. ಕೆಂಪು ಹೇಂಟೆ ಮಾತ್ರ ಕೊಕ್ಕನ್ನು ಬುಟ್ಟಿಯ ತಳಕ್ಕೆ ಊರಿ ಕೂತಿತ್ತು.

ಹಿಂದಕ್ಕೆ ಹೋಗಬೇಕಿತ್ತು. ಇಲ್ಲವೇ ಆ ಒಂದನ್ನಾದರೂ ಅಲ್ಲೇ ಬಿಡಬೇಕಿತ್ತು. ಹಿಂದಕ್ಕೆ ಹೋದರೆ ಎಂಟು ದಿನ ಹೋಯಿತು, ಬಿಟ್ಟುಹೋದರೆ ಅವ್ವನ ಕೈಯ ಏಟು. ನಾನು ರವಿಕೆಯನ್ನು ಹಳ್ಳದಲ್ಲಿ ತೊಳೆದು ಹಿಂಡಿ ಹಾಕಿಕೊಂಡೆ. ಹೇಂಟೆಯ ಬಾಲ ತೊಳೆದೆ, ಬುಟ್ಟಿಯೊಳಗಿನ ಹುಲ್ಲು ಬದಲಾಯಿಸಿದೆ, ಅದರ ಕೊಕ್ಕಿಗೆ ಎರಡು ಹನಿ ನೀರು ಬಿಟ್ಟು ತಲೆ ಎತ್ತಿಸಿದೆ. ಬಾಯಲ್ಲಿ ಸುಳ್ಳು ಹೇಳಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಕೈಯಲ್ಲಿ ಹೇಳಿದ ಸುಳ್ಳು ಹೋಗುವುದಿಲ್ಲ.

ಚಿಕ್ಕವ್ವ ಬಾಗಿಲಲ್ಲೇ ಬುಟ್ಟಿ ಇಳಿಸಿಕೊಂಡಳು. ಬಾಯಿ ಬಿಚ್ಚಿ ಸ್ವಲ್ಪ ಹೊತ್ತು ನೋಡಿದಳು. "ಅಕ್ಕ ಏನಂದ್ಲು?" ಎಂದಳು. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. "ನನ್ನ ಹತ್ರ ಇಟ್ಕೋ ಅಂದ್ಲಾ?" ಎಂದು ಮತ್ತೆ ಕೇಳಿದಳು. ಹೂಂ ಎಂದೆ. "ಆಗ್ಲಿ ಬಿಡು. ಕೈಕಾಲು ತೊಳ್ಕೋ ಹೋಗು, ಮಗಾ," ಎಂದಳು. ನಾಲ್ಕು ಕೋಳಿಗಳನ್ನೂ ಹಿತ್ತಲಿಗೆ ಬಿಡದೆ ಕೋಣೆಯ ಮೂಲೆಯಲ್ಲಿ ಮಂಕರಿಯ ಕೆಳಗೆ ಮುಚ್ಚಿದಳು. ಹೊಸ ಜಾಗವಲ್ಲವೇ, ತಪ್ಪಿಸಿಕೊಂಡು ಹೋದಾವೆಂದು ಹಾಗೆ ಮಾಡಿದಳು ಎಂದುಕೊಂಡು ನಾನು ಹಿತ್ತಲಿಗೆ ಓಡಿದೆ.

ಆ ಹಿತ್ತಲಿನ ಮೂಲೆಮೂಲೆಯೂ ನನಗೆ ಈಗಲೂ ನೆನಪಿದೆ. ಕಳ್ಳಿಬೇಲಿ, ಎರಡು ನುಗ್ಗೆಮರ, ಬೇಲಿಯಾಚೆ ಒಂದು ದೊಡ್ಡ ಬೂರುಗದ ಮರ. ಬೂರುಗದ ತುದಿಯಲ್ಲಿ ಹದ್ದು ಗೂಡು ಕಟ್ಟಿ ಮರಿ ಮಾಡಿತ್ತು. ಬೇಲಿಯ ಬುಡದಲ್ಲಿ ಮುಂಗುಸಿ. ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಸೂರಕ್ಕಿ ಜೇಡರಬಲೆ, ನಾರು ತಂದು ಗೂಡು ನೇತುಹಾಕಿತ್ತು, ಅದಕ್ಕೇ ಚಿಕ್ಕವ್ವ ತನ್ನ ಸೀರೆಯನ್ನು ಬೇಲಿಯ ಮೇಲೆ ಒಣಗಿಸುತ್ತಿದ್ದಳು. ಓತಿಕ್ಯಾತಗಳು ತಲೆ ಕೆಂಪಗೆ ಮಾಡಿಕೊಂಡು ನುಗ್ಗೆಯ ಬೊಡ್ಡೆಯ ಮೇಲೆ ಮೈ ಕುಣಿಸುತ್ತಿದ್ದವು. ಕೆಂಬೂತ ಬೇಲಿಯೊಳಗೆ ಗುಟುಗುಟು ಎನ್ನುತ್ತ ನಡೆದರೆ ಚಿಕ್ಕವ್ವ ಕೆಲಸ ನಿಲ್ಲಿಸಿ ಅದರ ಮುಖ ಕಾಣುವವರೆಗೆ ಕಾಯುತ್ತಿದ್ದಳು, ಕಂಡರೆ ಒಳ್ಳೆಯದಾಗುತ್ತದೆಯಂತೆ.

ಹನ್ನೊಂದು ಹೇಂಟೆ, ಎರಡು ಹುಂಜ, ಎರಡು ಹಿಂಡು ಮರಿ, ಕಾವಿಗೆ ಕೂತದ್ದು ಒಂದು. ಇವಿಷ್ಟನ್ನೂ ಅವಳು ಒಬ್ಬಳೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ದಿನವಿಡೀ ಗದರುವುದೇ ಗದರುವುದು. ಹುಂಜಕ್ಕೆ ಬೈಗುಳ, ಮುಂಗುಸಿಗೆ ಬೈಗುಳ, ನುಗ್ಗೆಮರ ಹತ್ತಿದ ನನಗೂ ಬೈಗುಳ. ಹದ್ದಿನ ನೆರಳು ನೆಲದ ಮೇಲೆ ಸುಳಿದರೆ ಸಾಕು, ಮೊರ ಬಡಿಯುತ್ತ ಹೊರಗೆ ಬರುತ್ತಿದ್ದಳು. ಹದ್ದಿನ ಗೂಡು ಕೀಳಿಸು ಎಂದು ಮೈದುನ ಹೇಳಿದಾಗ ಮಾತ್ರ ಒಪ್ಪಲಿಲ್ಲ. "ಅದಕ್ಕೂ ಮಕ್ಕಳವೆ. ನನ್ನ ಕಣ್ಣು ತಪ್ಪಿಸಿ ಒಯ್ದರೆ ಅದರ ಜಾಣತನ," ಎಂದಳು. ಮೇಲಿನಿಂದ ಬರುವವರು ಯಾರು, ಬೇಲಿ ನುಸುಳುವವರು ಯಾರು, ಎಲ್ಲ ಅವಳಿಗೆ ಗೊತ್ತಿತ್ತು. ಮುಂಬಾಗಿಲಿನಿಂದ ಬಂದದ್ದು ನಾನು.

ಕೆಂಪು ಹೇಂಟೆ ಮಾರನೆಯ ದಿನವೇ ಸತ್ತಿತು. ಚಿಕ್ಕವ್ವ ಏನೂ ಹೇಳದೆ ದೂರ ಒಯ್ದು ಹೂತು ಬಂದಳು. ಉಳಿದ ಮೂರನ್ನು ಮಂಕರಿಯ ಕೆಳಗೇ ಇಟ್ಟು ಬೇರೆ ಕಾಳು, ಬೇರೆ ನೀರು ಕೊಟ್ಟಳು. ನಾಲ್ಕನೆಯ ದಿನ ಹಿತ್ತಲಿನ ದೊಡ್ಡ ಹುಂಜ ಕೂಗಲು ಕತ್ತು ನೀಡಿತು, ದನಿ ಬರಲಿಲ್ಲ. ಅಲ್ಲಿಂದ ಮುಂದೆ ಲೆಕ್ಕವಿಡುವಂತಿರಲಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು. ಮರಿಗಳು ತಾಯಿಯ ರೆಕ್ಕೆಯ ಕೆಳಗೇ ತಣ್ಣಗಾದವು. ಕಾವಿನ ಹೇಂಟೆ ಬೇನೆ ಹತ್ತಿದ ಮೇಲೂ ಮೊಟ್ಟೆ ಬಿಟ್ಟು ಏಳಲಿಲ್ಲ, ಅಲ್ಲೇ ಕೂತು ಸತ್ತಿತು. ಮೊಟ್ಟೆಯೊಡೆಯಲು ಇನ್ನು ಎರಡೇ ದಿನವಿತ್ತು. ಚಿಕ್ಕವ್ವ ಒಂದೊಂದನ್ನೂ ಕಿವಿಗಿಟ್ಟು ಕೇಳಿ, ಹಳೆಯ ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಳು. ಐದು ಮರಿ ಹೊರಬಂದವು. ಅವೂ ಒಂದು ದಿನ ಬದುಕಲಿಲ್ಲ, ಮಂಕರಿಯ ಕೆಳಗಿನ ಮೂರೂ ಉಳಿಯಲಿಲ್ಲ.

ಅವಳು ಕೋಳಿ ಹೂಳುವಾಗ ನಾನು ಗುದ್ದಲಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಹೇಳಿಬಿಡಬೇಕು ಎಂದು ಬಾಯಿ ತೆರೆದು ಮುಚ್ಚುತ್ತಿದ್ದೆ. ನಮ್ಮ ಸುತ್ತ ಏನೂ ಬದಲಾಗಿರಲಿಲ್ಲ. ಸೂರಕ್ಕಿ ಮರಿಗೆ ಹುಳ ತಂದು ಉಣಿಸುತ್ತಿತ್ತು. ಕೋಗಿಲೆ ಕೂಗುತ್ತಿತ್ತು. ಹದ್ದು ಒಂದೆರಡು ಸುತ್ತು ಹಾಕಿ, ಖಾಲಿ ಹಿತ್ತಲು ನೋಡಿ ಬೇರೆ ಕಡೆಗೆ ಹೋಗುತ್ತಿತ್ತು. ಆಗ ನನಗೆ ಆ ಹಕ್ಕಿಗಳ ಮೇಲೆ ವಿಪರೀತ ಸಿಟ್ಟು ಬಂದಿತ್ತು, ನನ್ನ ಮೇಲೆ ಬರಬೇಕಾದದ್ದು ಅವುಗಳ ಮೇಲೆ ಬಂದಿತ್ತು.

ಎಂಟನೆಯ ದಿನ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದ. ಅವ್ವ ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತಳು. "ಬೇನೆ ಅಲ್ಲಿಗೂ ಬಂತೇ," ಎಂದಳು. ತಾನು ಕಳಿಸಿದ್ದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಬೇನೆ ಗಾಳಿಯಲ್ಲಿ ಊರೂರು ತಿರುಗುತ್ತದೆ ಎಂದೇ ನಮ್ಮವರೆಲ್ಲ ತಿಳಿದಿದ್ದರು.

ಮಳೆಗಾಲ ಹಿಡಿಯುವ ಮುಂಚೆ ಚಿಕ್ಕವ್ವ ಒಂದು ಗಂಟು ಹಿಡಿದು ನಮ್ಮ ಮನೆಗೆ ಬಂದಳು. ಅವಳ ಕೋಣೆಯಲ್ಲಿ ಮೈದುನರು ಎಮ್ಮೆ ಕಟ್ಟಿದರಂತೆ. ನಮ್ಮಲ್ಲಿ ಯಾರೂ ಅವಳನ್ನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಅಪ್ಪ ಒಳ್ಳೆಯವನು, ಅವ್ವನಂತೂ ತನಗಿಂತ ಮೊದಲು ತಂಗಿಗೆ ಬಡಿಸುತ್ತಿದ್ದಳು. ಆದರೆ ಹಗಲೆಲ್ಲ ಗದರುತ್ತಿದ್ದ ಆ ಹೆಂಗಸು ನಮ್ಮ ಮನೆಗೆ ಬಂದವಳೇ ಮೆತ್ತಗಾದಳು. ಹೇಳಿದ ಕೆಲಸ ಮಾಡುವುದು, ಕೊಟ್ಟದ್ದು ಉಣ್ಣುವುದು, ಕೇಳಿದ್ದಕ್ಕೆ ಹೂಂ ಎನ್ನುವುದು. ನಮ್ಮ ಅಂಗಳಕ್ಕೆ ಮತ್ತೆ ಕೋಳಿ ಬಂದವು, ಅವನ್ನೂ ಅವಳು ಗದರಲಿಲ್ಲ. ಅವು ಅಕ್ಕನ ಕೋಳಿ.

ಒಂಬತ್ತು ವರ್ಷ ಕಳೆಯಿತು. ನನಗೆ ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಆಗಲೂ ಚೈತ್ರವೇ. ನಮ್ಮ ಎತ್ತಿನ ಗೊರಸು ನೋಡಲು ದನದ ಆಸ್ಪತ್ರೆಯಿಂದ ಒಬ್ಬ ಕಾಂಪೌಂಡರ್ ಬಂದಿದ್ದ. ಅಪ್ಪ, ಅವ್ವ ಹೊಲದಲ್ಲಿದ್ದರು, ಮನೆಯಲ್ಲಿ ಚಿಕ್ಕವ್ವ, ನಾನು, ತಿಂಗಳ ಮಗು. ಅಂಗಳದ ಕೋಳಿ ನೋಡಿ ಅವನು ತಾನಾಗಿಯೇ ಮಾತು ತೆಗೆದ. "ಬೇಸಿಗೆ ಬೇನೆ ಬಂದ್ರೆ ಕೋಳಿನ ಬೇರೆ ಊರಿಗೆ ಸಾಗಿಸಬ್ಯಾಡ್ರೀ. ಬೇನೆ ಬುಟ್ಟಿ ಜೊತೆಗೇ ಹೋಗತೈತೆ. ಒಂದು ಕೋಳಿ ಸಾಕು, ಊರು ಖಾಲಿ ಮಾಡಾಕೆ," ಎಂದ. ಚಿಕ್ಕವ್ವ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಅವನು ಓಣಿ ದಾಟುವುದರೊಳಗೆ ನಾನು ಅಳುತ್ತಿದ್ದೆ. ಹಳ್ಳ, ಹಸಿರು ಹಿಕ್ಕೆ, ತೊಳೆದ ರವಿಕೆ, ಬದಲಾಯಿಸಿದ ಹುಲ್ಲು, ಎಲ್ಲ ಹೇಳಿದೆ. "ಗೊತ್ತಿದ್ದೂ ತಂದೆ ಚಿಕ್ಕವ್ವ. ನಿನ್ನ ಮನೆ ನಾನೇ ತೆಗೆದೆ," ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ. "ಬುಟ್ಟಿ ಇಳಿಸಿದಾಗಲೇ ನೋಡಿದ್ದೆ. ಬಾಲ ತೊಳೆದ್ರೆ ಕಣ್ಣು ತೊಳೆಯಾಕೆ ಆಗತೈತಾ? ಕೋಳಿ ಕಣ್ಣಾಗೇ ಬೇನೆ ಕಾಣತಿತ್ತು," ಎಂದಳು.

"ಮತ್ತೆ ಯಾಕೆ ಒಳಗೆ ತಗೊಂಡೆ? ನನ್ನ ಬೈದು ಹಿಂದಕ್ಕೆ ಕಳಿಸಬೇಕಿತ್ತು."

ಚಿಕ್ಕವ್ವ ಅಕ್ಕಿಯೊಳಗಿನ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಆಮೇಲೆ, "ನನ್ನ ಗಂಡ ಹೋದ ಮೇಲೆ ಎಲ್ಲಾರೂ ನನಗೆ ಕೊಡೋರೇ ಆದ್ರು ಮಗಾ. ಜೋಳ ಕೊಟ್ರು, ಸೀರೆ ಕೊಟ್ರು. ನನ್ನ ಹತ್ರ ಇದು ಬೇಕು, ಇಷ್ಟು ಮಾಡು ಅಂತ ಯಾರೂ ಕೇಳಲಿಲ್ಲ. ಅವತ್ತು ಅಕ್ಕ ಕೇಳಿದ್ಲು. ಇಲ್ಲ ಅನ್ನಾಕೆ ನನಗೆ ಬಾಯಿ ಬರಲಿಲ್ಲ. ಹೆಂಗಾದ್ರೂ ಉಳಿಸಿ ಕೊಡತೀನಿ ಅನ್ನೋ ಹಮ್ಮೂ ಇತ್ತು," ಎಂದಳು. ಮತ್ತೆ ಅಕ್ಕಿಯಲ್ಲಿ ಬೆರಳಾಡಿಸಿದಳು. "ಅಕ್ಕನಿಗೆ ಇದು ಗೊತ್ತಾಗಬಾರದು. ಅವಳು ತಡ್ಕೊಳ್ಳಲ್ಲ."

ಸಂಜೆ ಅವ್ವ ಹುಲ್ಲುಹೊರೆ ಇಳಿಸುತ್ತ ಕಾಂಪೌಂಡರ್ ಏನಂದ ಎಂದು ಕೇಳಿದಳು. "ಗೊರಸಿಗೆ ಎಣ್ಣೆ ಹಚ್ಚಿ ಅಂದ ಅಕ್ಕ," ಎಂದಳು ಚಿಕ್ಕವ್ವ. ನಾನೂ ಬಾಯಿ ಬಿಡಲಿಲ್ಲ. ಅವ್ವ ತಿಳಿಯದೆಯೇ ತೀರಿಕೊಂಡಳು.

ಆ ರಾತ್ರಿ ನಾನು ಯೋಚಿಸಿದ್ದು ಒಂದೇ. ಒಂಬತ್ತು ವರ್ಷ ನಮ್ಮ ಮನೆಯಲ್ಲಿ ನಾವು ಅವಳಿಗೆ ಅನ್ನ ಬಡಿಸಿದೆವು, ಬಟ್ಟೆ ಕೊಟ್ಟೆವು, ಕೆಲಸವನ್ನೂ ಹೇಳಿದೆವು. ನೀನಿಲ್ಲದೆ ಆಗುವುದಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ಮಗುವಿಗೆ ನೀರು ಹಾಕುವುದು ಅವ್ವನ ಕೆಲಸ, ಚಿಕ್ಕವ್ವನದು ನೀರು ಕಾಯಿಸಿ ತಂದಿಟ್ಟು ದೂರ ನಿಲ್ಲುವುದು. ಗಂಡ ಸತ್ತವಳು ಹಸುಗೂಸನ್ನು ಮುಟ್ಟುವುದು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಹಾಗೇ ನಡೆದುಕೊಂಡು ಬಂದಿತ್ತು.

ಬೆಳಿಗ್ಗೆ ಅವಳು ಹಂಡೆಯ ನೀರು ತಂದಿಟ್ಟಾಗ, "ಚಿಕ್ಕವ್ವ, ಇವತ್ತಿಂದ ನೀನೇ ನೀರು ಹಾಕಬೇಕು. ನನ್ನ ಮಗುನ ನಿನ್ನ ಕೈಯಾಗೆ ಬಿಡಬೇಕು ಅಂತ ನನಗೆ ಆಸೆ," ಎಂದೆ.

"ನಾನಾ?" ಎಂದಳು. ಅವ್ವನ ಕಡೆ ನೋಡಿದಳು. ಅವ್ವ ಒಂದು ಕ್ಷಣ ತಡೆದು, ಹೂಂ ಎಂದಳು.

ಚಿಕ್ಕವ್ವ ಸೀರೆ ಮೇಲೆತ್ತಿ ಕಟ್ಟಿ, ಕಾಲು ನೀಡಿ ಕೂತಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಮೊದಲ ಚೆಂಬು ನೀರು ಮುಟ್ಟಿ ನೋಡಿದವಳೇ ನನ್ನ ಕಡೆ ತಿರುಗಿ, "ತಾಯಿ ಆಗೀಯ, ನೀರು ಇಷ್ಟು ಸುಡತೈತೆ ಅಂತ ನೋಡಾಕೆ ಬರಾಕಿಲ್ಲೇನು ನಿನಗೆ? ತಣ್ಣೀರು ತಗಂಬಾ, ನಿಂತ್ಕೊಂಡು ಏನು ನೋಡತೀಯ," ಎಂದು ಜೋರಾಗಿ ಗದರಿದಳು.

ನಾನು ತಣ್ಣೀರು ತರಲು ಓಡಿದೆ. ಅವಳು ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು, ಯಾರನ್ನಾದರೂ ಗದರಿದ್ದು ಅದೇ ಮೊದಲು.