ನೋವಿಲ್ಲದೆ ಕೆಮ್ಮಿದ ಅತ್ತೆ

ನಮ್ಮತ್ತೆಗೆ ಆಪರೇಷನ್ ಅಂದರೆ ಭಯವಿರಲಿಲ್ಲ, ಅದಾದ ಮೇಲೆ ಬರುವ ಕೆಮ್ಮಿನ ಭಯ. ಈಗಿಲ್ಲದ ನಮ್ಮ ಮಾವನವರಿಗೆ ಎಷ್ಟೋ ವರ್ಷಗಳ ಹಿಂದೆ ಎದೆಯ ಪಕ್ಕ ಉದ್ದಕ್ಕೆ ಕೊಯ್ದು, ಪಕ್ಕೆಲುಬು ಅಗಲಿಸಿ ಆಪರೇಷನ್ ಮಾಡಿದ್ದರಂತೆ. ಕೆಮ್ಮು ಬಂದಾಗಲೆಲ್ಲ ಅವರು ದಿಂಬು ಅವುಚಿಕೊಂಡು ಕಣ್ಣೀರು ಹಾಕಿದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಹಾಗಾಗಿ ಸ್ಕ್ಯಾನಿನಲ್ಲಿ ಅತ್ತೆಯ ಬಲ ಶ್ವಾಸಕೋಶದಲ್ಲೊಂದು ಗಂಟು ಕಂಡು, ತೆಗೆದು ಪರೀಕ್ಷೆ ಮಾಡಬೇಕು ಅಂತ ಡಾಕ್ಟರು ಅಂದಾಗ, "ಗಂಟು ಅದರ ಪಾಡಿಗೆ ಇರ್ಲಿ, ನನ್ನ ಪಾಡಿಗೆ ನಾನಿರ್ತೀನಿ" ಅಂದುಬಿಟ್ಟರು.

ಸೂಳಗಿರಿ ಹತ್ತಿರ ನಮ್ಮದು ಕೊತ್ತಂಬರಿ ಬೆಳೆಯುವ ಮನೆ. ಸೊಪ್ಪಿನ ಮಂಡಿಯಲ್ಲಿ ಅತ್ತೆ ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ತೆಲುಗಿನಲ್ಲಿ ಬೆಳೆಸಿ ತಮಿಳಿನಲ್ಲಿ ನಕ್ಕು ಮುಗಿಸುತ್ತಿದ್ದರು. ಅಂಥವರನ್ನು ಒಪ್ಪಿಸಲು ನನ್ನ ಗಂಡನ ಕೈಲಾಗಲಿಲ್ಲ. ನಾನೇ ಮೂಕಂಡಪಲ್ಲಿಯಲ್ಲಿ ಕೆಲಸ ಮಾಡುವ ಕಂಪನಿಗೆ ರಜ ಹಾಕಿ, "ಬರೀ ಮಾತಾಡ್ಕೊಂಡು ಬರಾಣ ಬನ್ನಿ ಅತ್ತೆ" ಅಂತ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ನಿಧಾನವಾಗಿ ಹೇಳಿದರು: "ಅಮ್ಮಾ, ಉದ್ದಕ್ಕೆ ಕೊಯ್ಯಲ್ಲ. ಮೂರು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ಆದ್ರೂ ನೋವಿರುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಬೆನ್ನಿನ ಹತ್ರ, ಪಕ್ಕೆಗೆ ಹೋಗೋ ನರಗಳ ಸುತ್ತ ಮರಗಟ್ಟೋ ಮದ್ದು ಬಿಡ್ತೀನಿ. ಒಂದು ಸಣ್ಣ ಕೊಳವೆ ಎರಡು ದಿನ ಅಲ್ಲೇ ಇರುತ್ತೆ."

"ಹಲ್ಲು ಕೀಳಾಗ ದವಡೆ ಮರಗಟ್ಟುತ್ತಲ್ಲ, ಹಂಗಾ?" ಅತ್ತೆ ಕೇಳಿದರು.

"ಹಂಗೇ."

"ಕೆಮ್ಮಾಕಾಯ್ತದಾ?"

"ಕೆಮ್ಮಲೇಬೇಕು. ಕೆಮ್ಮಿ, ಉಸಿರೆಳೆದ್ರೇನೇ ಶ್ವಾಸಕೋಶ ಚೆನ್ನಾಗಿ ಹಿಗ್ಗೋದು."

ಅತ್ತೆ ನನ್ನ ಕಡೆ ತಿರುಗಿದರು. "ನೋವಿರುತ್ತೆ ಅಂತ ಮುಖದ ಮ್ಯಾಲೇ ಅಂದ್ಳು ನೋಡು. ಈವಮ್ಮನ್ನ ನಂಬಬೌದು ಕಣಮ್ಮೀ. ಯಾವತ್ತು ಬರ್ಬೇಕಂತೆ, ಕೇಳು."

ಆಪರೇಷನ್ ಆದ ಸಂಜೆ ಒಳಗೆ ಬಿಟ್ಟರು. ಅತ್ತೆಯ ಪಕ್ಕೆಯಿಂದ ಒಂದು ಟ್ಯೂಬು ಕೆಳಗಿನ ನೀರಿನ ಡಬ್ಬಿಗೆ ಇಳಿದಿತ್ತು. ನರ್ಸು ಬಂದು, "ಎಲ್ಲಿ, ಒಂದ್ಸಲ ಕೆಮ್ಮಿ" ಅಂದಳು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬೆಕ್ಕು ಸೀನಿದಷ್ಟು ಮೆಲ್ಲಗೆ ಕೆಮ್ಮಿದರು. ಒಂದು ಕಣ್ಣು ತೆರೆದರು. ಇನ್ನೊಂದು ಸಲ ಕೆಮ್ಮಿದರು. ಮೂರನೆಯದು ವಾರ್ಡಿಗೆಲ್ಲ ಕೇಳಿಸಿತು.

"ಎಲ್ಲೋಯ್ತಮ್ಮೀ ನೋವು?" ಬಲಪಕ್ಕೆ ಸವರಿಕೊಂಡರು. "ಇದು ನಂದೇನಾ? ಯಾರ್ದೋ ಮೈ ಮುಟ್ದಂಗೈತೆ!"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಳುವೂ ಬಂತು.

ಮಾರನೆಯ ದಿನ ಉಸಿರೆಳೆದು ಮೇಲೇರಿಸುವ ಮೂರು ಗುಂಡುಗಳ ಆಟಿಕೆಯಂಥದ್ದನ್ನು ಕೊಟ್ಟರು. ಅತ್ತೆ ಮಧ್ಯಾಹ್ನದೊಳಗೆ ಎರಡು ಗುಂಡು ಎತ್ತಿದರು. ಎದುರಿನ ಮಂಚದಲ್ಲಿ ಕೆಲಮಂಗಲದ ಹೆಂಗಸೊಬ್ಬರಿದ್ದರು. ಅವರಿಗೂ ಅದೇ ಆಪರೇಷನ್, ಅದೇ ಮದ್ದು. ಆದರೂ ಹೆದರಿ ಉಸಿರು ಬಿಗಿಹಿಡಿದು ಮಲಗಿದ್ದರು. ಅತ್ತೆ ಟ್ಯೂಬಿನ ಡಬ್ಬಿ ನನ್ನ ಕೈಗೆ ಕೊಟ್ಟು, ನನ್ನ ಜೊತೆ ಮೆಲ್ಲಗೆ ನಡೆದು ಹೋಗಿ ಅವರ ಪಕ್ಕ ಕೂತರು.

"ಅಕ್ಕಾ, ಎಳಿ ನೋಡಾಣ. ನಿಂದು ಒಂದು ಗುಂಡು ಮ್ಯಾಕೆದ್ರೆ ನಾನು ಮೂರೂ ಎತ್ತಿ ತೋರುಸ್ತೀನಿ."

ಆ ಹೆಂಗಸು ಎಳೆದರು. ಗುಂಡು ಎದ್ದಿತು. ಅತ್ತೆಗೆ ಮಾತ್ರ ಮೂರು ಎತ್ತಲಾಗಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಕೈ ಹಾಕಿಕೊಂಡು ನಗುವುದನ್ನು ನೋಡಿ ನರ್ಸು ಗದರಬೇಕೋ ಬೇಡವೋ ಗೊತ್ತಾಗದೆ ನಿಂತಳು.

ಮೂರನೆಯ ದಿನ ಬೆನ್ನಿನ ಕೊಳವೆ ತೆಗೆದರು. ಸಂಜೆಗೆ, "ಬಂದ ಕಣಮ್ಮೀ ನೆಂಟ" ಅಂತ ಅತ್ತೆ ಪಕ್ಕೆ ಹಿಡಿದು ಮುಖ ಕಿವುಚಿದರು. ಮಾತ್ರೆ ನುಂಗಿದ ಮೇಲೆ, "ಇರ್ಲಿ ಬುಡು, ಇಷ್ಟು ತಡ್ಕೋಬೌದು" ಅಂದರು. ಗಂಟಿನ ವರದಿಯೂ ಒಳ್ಳೆಯದೇ ಬಂತು: ಯಾವುದೋ ಹಳೆಯ ಸೋಂಕಿನ ಗುರುತು, ಮತ್ತೇನೂ ಇಲ್ಲ. ಫೋನಿನಲ್ಲಿ ನನ್ನ ಗಂಡ ಅತ್ತರು. "ಗಂಡ್ಸು ನೀನು, ಮೊದ್ಲು ಎಮ್ಮೆಗೆ ನೀರ್ ಮಡಗು ಹೋಗ್ಲಾ" ಅಂತ ಅತ್ತೆ ಬೈದರು, ಆದರೆ ಫೋನು ಇಡಲಿಲ್ಲ.

ಬಿಡುಗಡೆಯ ದಿನ ಅತ್ತೆ ಡಾಕ್ಟರಮ್ಮನ ಕೈ ಹಿಡಿದುಕೊಂಡು, ಕೋಳಿಸಾರು ಮುದ್ದೆ ಉಣ್ಣೋಕೆ ಬರಲೇಬೇಕು ಅಂತ ಹಟ ಮಾಡಿದರು. ಅವರು ಬಾಯಿಮಾತಿಗೆ ಹೂಂ ಅಂದಿರಬೇಕು ಅಂದುಕೊಂಡಿದ್ದೆ. ಒಂದು ಭಾನುವಾರ ಡಾಕ್ಟರಮ್ಮ ತಮ್ಮ ಗಂಡ, ಪುಟ್ಟ ಮಗಳ ಜೊತೆ ನಿಜಕ್ಕೂ ಬಂದರು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಅತ್ತೆ ಕಲಿಸಿಕೊಟ್ಟರು. ಡಾಕ್ಟರಮ್ಮ ಎರಡನೇ ಮುದ್ದೆ ತಾವೇ ಕೇಳಿ ಹಾಕಿಸಿಕೊಂಡರು.