ಸುಮ್ಮನೆ ಕೂರಲು ಬಾರದ ಸೂಜಿಯಕ್ಕ

ಬಸ್ಸಿನ ಸೀಟು ಹೊಲಿಯುವುದು ಸೂಜಿಯಕ್ಕನ ಕೆಲಸವಾಗಿತ್ತು. ಊರ ಹೊರಗಿನ ಬಸ್ಸು ಕಟ್ಟುವ ಕಾರ್ಖಾನೆಯ ಒಂದು ಬಾಗಿಲಿನಿಂದ ಎಂಜಿನ್ನು, ಚಕ್ರ ಬಿಟ್ಟರೆ ಬೇರೇನೂ ಇಲ್ಲದ ಬೋಳು ಗಾಡಿಗಳು ಒಳಗೆ ಬರುತ್ತಿದ್ದವು. ಇನ್ನೊಂದು ಬಾಗಿಲಿನಿಂದ ಬಣ್ಣ ಬಳಿಸಿಕೊಂಡು, ಕಿಟಕಿ ಮಿನುಗಿಸುತ್ತ ಬಸ್ಸುಗಳಾಗಿ ಹೊರಡುತ್ತಿದ್ದವು. ನಡುವಿನ ಒಂದು ಮೂಲೆಯಲ್ಲಿ ಅವಳು ಮೊಣಕಾಲುಗಳ ನಡುವೆ ಸ್ಪಂಜನ್ನು ಒತ್ತಿ ಹಿಡಿದು, ಅದರ ಮೇಲೆ ರೆಕ್ಸಿನ್ ಬಿಗಿದೆಳೆದು, ಕುಡುಗೋಲಿನಂತೆ ಬಾಗಿದ ದೊಡ್ಡ ಸೂಜಿಯಿಂದ ಹೊಲಿಯುತ್ತಿದ್ದಳು. ಕೈ ಖಾಲಿಯಾದಾಗ ಸೂಜಿ ಜಡೆಗೆ ಹೋಗುತ್ತಿತ್ತು. ಹಾಗಾಗಿಯೇ ಆ ಹೆಸರು. ಮೊದಮೊದಲು ಗೇಲಿಗೆ ಕರೆದವರೂ ಆಮೇಲೆ ಅದನ್ನೇ ಗೌರವದಿಂದ ಕರೆದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಎಲ್ಲರನ್ನೂ ಅಂಗಳಕ್ಕೆ ಕರೆದರು. ಮ್ಯಾನೇಜರು ಕೆಮ್ಮಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಕೆಮ್ಮಿದರು. ಆರ್ಡರುಗಳು ಬರುತ್ತಿಲ್ಲ, ಕಾರ್ಖಾನೆ ಮುಚ್ಚುತ್ತದೆ ಎಂದರು. ಅರ್ಧ ಹೊಲಿದ ಸೀಟೊಂದು ಒಳಗೆ ಹಾಗೇ ಇತ್ತು. ಅದನ್ನು ಮುಗಿಸಿ ಹೋಗಲೇ ಎಂದು ಸೂಜಿಯಕ್ಕ ಕೇಳಿದಳು. ಯಾಕಮ್ಮಾ, ಯಾರು ಕೂರ್ತಾರೆ ಅದರ ಮೇಲೆ, ಎಂದರು ಮ್ಯಾನೇಜರು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ಅತ್ತೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಸೊಸೆಯರನ್ನು ಒಂದೇ ಮನೆಯಲ್ಲಿ ಹಿಡಿದಿಟ್ಟಿದ್ದು ಪ್ರೀತಿಯೋ, ಅಭ್ಯಾಸವೋ, ಅವರಿಗೇ ಗೊತ್ತಿರಲಿಲ್ಲ. ಅತ್ತೆಯದು ಸೋಲನ್ನು ಹೊಸಿಲು ದಾಟಲು ಬಿಡದ ಸ್ವಭಾವ. ಮಗ ಸತ್ತಾಗಲೂ ಬೀದಿಯವರ ಎದುರು ಕಣ್ಣೀರು ಹಾಕಿದವಳಲ್ಲ.

"ಭತ್ಯೆಗೆ ಅರ್ಜಿ ಹಾಕ್ತೀನಿ ಅತ್ತೆ. ಕೆಲಸ ಹೋದೋರಿಗೆ ಸರ್ಕಾರ ಕೊಡುತ್ತಂತೆ" ಎಂದಳು ಸೂಜಿಯಕ್ಕ.

"ಅಂದ್ರೆ ಕೈ ಚಾಚೋದು."

"ಚಾಚೋದೇನಲ್ಲ. ಇಷ್ಟು ವರ್ಷ ನನ್ನ ಸಂಬಳದಲ್ಲಿ ಹಿಡ್ಕೊಂಡಿದ್ದೇ ವಾಪಸ್ ಬರೋದು."

"ಏನಾದ್ರೂ ಮಾಡ್ಕೋ. ಬೀದೀಲಿ ಮಾತ್ರ ಡಂಗುರ ಹೊಡಿಬೇಡ."

ಉದ್ಯೋಗ ಕಚೇರಿಯ ಮೂರನೇ ಕಿಟಕಿಯ ಹಿಂದೆ ಒಬ್ಬ ಹೆಂಗಸು ಅಧಿಕಾರಿ ಇದ್ದಳು. ವಯಸ್ಸು ಚಿಕ್ಕದು, ದನಿ ಮಾತ್ರ ದಿನವಿಡೀ ಒಂದೇ ಮಾತು ಹೇಳಿ ಹೇಳಿ ಸವೆದುಹೋಗಿತ್ತು. ನಿಯಮಗಳನ್ನು ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು: ಕರೆದಾಗ ಬರಬೇಕು, ಕೆಲಸ ಹುಡುಕುತ್ತಿರಬೇಕು, ಎಲ್ಲಿ ಕೇಳಿದಿರಿ ಎಂದು ಹೇಳಬೇಕು, ಭತ್ಯೆ ಪಡೆಯುವಾಗ ಯಾವ ಕೆಲಸ ಮಾಡಿದರೂ, ದುಡ್ಡು ಬರಲಿ ಬಿಡಲಿ, ತಿಳಿಸಬೇಕು.

"ದುಡ್ಡಿಲ್ಲದ್ದೂನಾ ಮೇಡಂ?"

"ದುಡ್ಡಿಲ್ಲದ್ದೂ."

ಸೂಜಿಯಕ್ಕ ತಲೆಯಾಡಿಸಿದಳು. ಆ ಮಾತು ತನ್ನ ಕಾಲಿಗೇ ತೊಡರಿಕೊಳ್ಳುತ್ತದೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಕೆಲಸ ಹುಡುಕುವುದರಲ್ಲಿ ಅವಳೇನೂ ಹಿಂದೆ ಬೀಳಲಿಲ್ಲ. ಸೋಫಾ ಅಂಗಡಿ, ಕಾರಿನ ಸೀಟಿನ ಶೆಡ್ಡು, ಚೀಲ ಹೊಲಿಯುವ ಗೋಡೌನು ಎಲ್ಲವನ್ನೂ ಸುತ್ತಿದಳು. ಒಬ್ಬ ಅವಳ ವಯಸ್ಸು ಕೇಳಿದ. ಇನ್ನೊಬ್ಬ ಕೇಳದೆಯೇ ಮುಖ ನೋಡಿ ಲೆಕ್ಕ ಹಾಕಿದ. ಈಗೆಲ್ಲ ಮಷೀನೇ ಅಕ್ಕಾ, ಎಂದರು ಎಲ್ಲರೂ. ಬೆಳಗಿನ ಹೊತ್ತು ಹೀಗೆ ಅಲೆದು ಕಳೆಯುತ್ತಿತ್ತು. ಮನೆಗೆ ಬಂದ ಮೇಲಿನ ಮಧ್ಯಾಹ್ನಗಳೇ ಅವಳಿಗೆ ಕಂಟಕವಾದವು. ಕೂತರೆ ಏಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಹೋಗಲಿ ಎನಿಸುವುದು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ.

"ನೆಲ ಸವೆಯುತ್ತೆ ಕಣೇ" ಎನ್ನುತ್ತಿದ್ದಳು ಅತ್ತೆ.

ಮೊದಲು ಮನೆಯ ದಿಂಬುಗಳೆಲ್ಲ ಹೊಸ ಚೀಲ ಕಂಡವು. ಆಮೇಲೆ ಹಾಸಿಗೆ. ಆಮೇಲೆ ಅತ್ತೆಯ ಕುರ್ಚಿಗೆ ಎಂಥ ಗಟ್ಟಿ ಸೀಟು ಬಿತ್ತೆಂದರೆ, ಇದರ ಮೇಲೆ ಕೂತರೆ ಯಾರೋ ಟಿಕೆಟ್ ಕೇಳೋ ಹಾಗಾಗುತ್ತೆ ಎಂದು ಮುದುಕಿ ಗೊಣಗಿದಳು. ಮನೆಯೊಳಗೆ ಹೊಲಿಯಲು ಇನ್ನೇನೂ ಉಳಿಯದಾಗ ಸೂಜಿಯಕ್ಕನ ಕಣ್ಣು ಎದುರು ಮನೆಯ ವರಾಂಡದ ಮೇಲೆ ಬಿತ್ತು.

ಎದುರು ಮನೆಯಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರು, ಒಂಟಿ ಮನುಷ್ಯ. ವರಾಂಡದಲ್ಲಿ ಹೊಟ್ಟೆ ಬಿರಿದ ಸೋಫಾ ಒಂದಿತ್ತು. ಅದರ ಒಡಲಿನಿಂದ ಹತ್ತಿ, ನಾರು, ಸ್ಪ್ರಿಂಗು ಎಲ್ಲ ಹೊರಗೆ ಇಣುಕುತ್ತಿದ್ದವು. ಸೂಜಿಯಕ್ಕ ಬೆಳಗ್ಗೆ ಸಂಜೆ ಅದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ರಸ್ತೆ ದಾಟಿದಳು.

"ಅಣ್ಣಾ, ಒಂದೆರಡು ದಿನ ನನ್ನ ಕೈಗೆ ಕೊಡಿ ಇದನ್ನ."

"ಎಷ್ಟಾಗುತ್ತಮ್ಮಾ?"

"ಏನೂ ಬೇಡ. ನಿಮ್ಮ ಸೋಫಾದಿಂದ ನನಗೇ ಉಪಕಾರ."

ಅವರು ಟೀ ಕಾಸಿ ಕೊಟ್ಟರು, ಅವಳು ಹೊಲಿದಳು. ಆ ದಿನಗಳಲ್ಲಿ ಎದೆಯೊಳಗಿನ ಗಡಿಬಿಡಿ ತುಸು ತಣ್ಣಗಾಗಿತ್ತು. ಕಂಡಕ್ಟರು ಸುಮ್ಮನಿರುವ ಆಸಾಮಿಯಲ್ಲ. ಹಾದುಹೋಗುವವರನ್ನೆಲ್ಲ ಕರೆದು, ಕೂತು ನೋಡಿ, ಇನ್ನೊಂದ್ಸಲ ಕೂತು ನೋಡಿ, ಎಂದು ಉಪಚಾರ ಮಾಡಿದರು.

ಆ ತಿಂಗಳ ಭತ್ಯೆ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕಚೇರಿಯಲ್ಲಿ ಕೇಳಿ ಎಂದರು. ಕಚೇರಿಯ ಬಾಗಿಲಲ್ಲಿ ಕೂತ ಜವಾನ, ನಿಮ್ಮದು ತಡೆಹಿಡಿದಿದೆ, ವಾರ ಬಿಟ್ಟು ಬನ್ನಿ ಎಂದ. ಯಾಕೆಂದು ಕೇಳಿದರೆ, ದೂರು ಇರಬಹುದು ಎಂದು ಗಾಳಿಯಲ್ಲಿ ಒಂದು ಮಾತು ತೇಲಿಬಿಟ್ಟ. ಸೂಜಿಯಕ್ಕನಿಗೆ ಸೋಫಾ ಕಣ್ಣ ಮುಂದೆ ಬಂತು. ದುಡ್ಡಿಲ್ಲದ್ದೂ, ಎಂದಿದ್ದ ಅಧಿಕಾರಿಯ ಮಾತು ಈಗ ನೆನಪಾಯಿತು. ಬೀದಿ ತಿರುಗಿದವಳು ಮನೆಗೆ ಹೋಗದೆ ನೆಟ್ಟಗೆ ಕಂಡಕ್ಟರ ವರಾಂಡಕ್ಕೆ ನುಗ್ಗಿದಳು.

"ಊರಿಗೆಲ್ಲ ತಮಟೆ ಬಾರಿಸಿದ್ರಲ್ಲಾ ಅಣ್ಣಾ. ಈಗ ಸಮಾಧಾನವಾಯ್ತಾ? ನನ್ನ ಅನ್ನಕ್ಕೆ ಕಲ್ಲು ಬಿತ್ತು."

ಕಂಡಕ್ಟರು ಸೋಫಾದಿಂದ ಎದ್ದು ನಿಂತರು. "ನಾನು ಹೊಗಳಿದ್ದು ನಿಜ ಕಣಮ್ಮಾ. ದೂರು ಕೊಡೋ ಜಾತಿ ನಾನಲ್ಲ."

"ಹಾಗಾದ್ರೆ ಸೋಫಾನೇ ನಡ್ಕೊಂಡು ಹೋಗಿ ಹೇಳ್ತಾ?"

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನದಿಂದ ವರಾಂಡದಲ್ಲಿ ಕೂರುವುದನ್ನೂ ಬಿಟ್ಟರು. ಸೋಫಾ ಒಂದೇ ಖಾಲಿ ಕೂತಿತ್ತು. ಅದು ಕಣ್ಣಿಗೆ ಬೀಳದಿರಲೆಂದು ಸೂಜಿಯಕ್ಕ ಆ ಕಡೆಯ ಕಿಟಕಿ ಮುಚ್ಚಿಟ್ಟಳು.

ಆ ವಾರ ಮುಳ್ಳಿನ ಮೇಲೆ ಕೂತಂತೆ ಕಳೆಯಿತು. ಸಾಲ ಉಳಿದಿದ್ದ ದಿನಸಿ ಅಂಗಡಿಯ ಮುಂದೆ ಹೋಗುವುದು ಬೇಡವೆಂದು ಸುತ್ತು ಹಾಕಿ ಹಿಂದಿನ ಗಲ್ಲಿಯಿಂದ ಬಂದಳು. ಮಾಡಿದ ಅಡುಗೆಯಲ್ಲಿ ಅತ್ತೆಗೆ ಹೆಚ್ಚು ಬಡಿಸಿ, ನನಗೆ ಹಸಿವಿಲ್ಲ ಅಂದಳು. ಅತ್ತೆಯೂ ಅದನ್ನೇ ಅಂದು ತಟ್ಟೆಯಿಂದ ವಾಪಸ್ಸು ಹಾಕಿದಳು. ಇಬ್ಬರ ಜಿದ್ದಿನಲ್ಲಿ ಅನ್ನ ಆರಿಹೋಯಿತು.

ವಾರ ಬಿಟ್ಟು ಅವಳು ಹೋದಾಗ ಕಚೇರಿಯ ಹಜಾರ ತುಂಬಿತ್ತು. ಅವಳಿಗೆ ಸಿಕ್ಕಿದ ಬೆಂಚಿನ ರೆಕ್ಸಿನ್ ಹರಿದು ಸ್ಪಂಜು ಕಾಣುತ್ತಿತ್ತು. ಕೈ ತಾನೇ ತಾನಾಗಿ ಅಂಚನ್ನು ಒಳಗೆ ಮಡಚಲು ಹೋಯಿತು. ಇದೂ ಒಂದು ಕೆಲಸವೆಂದು ಯಾರಾದರೂ ಬರೆದುಕೊಂಡರೆ? ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಕೂತಳು.

ಸರದಿ ಬಂತು. ಅಧಿಕಾರಿ ಕಂಪ್ಯೂಟರಿನ ಪರದೆ ನೋಡಿ ಹೇಳಿದಳು, "ನೀವು ಕೆಲಸಕ್ಕೆ ಸೇರಿದೀರಲ್ಲ. ತಿಳಿಸಲೇ ಇಲ್ಲ."

"ಯಾವ ಕೆಲಸ ಮೇಡಂ?"

"ನಾವು ನಿಮ್ಮ ಮನೆಗೆ ಫೋನ್ ಮಾಡಿದ್ವಿ, ಒಂದು ಕಡೆ ಸಂದರ್ಶನ ಇತ್ತು ಅಂತ. ನಿಮಗೆ ಒಳ್ಳೇ ಕೆಲಸ ಇದೆ, ಉಸಿರಾಡೋಕೂ ಪುರುಸೊತ್ತಿಲ್ಲ, ಮತ್ತೆ ಫೋನ್ ಮಾಡ್ಬೇಡಿ ಅಂದ್ರು."

"ಯಾರು ಅಂದಿದ್ದು?"

"ವಯಸ್ಸಾದ ಹೆಂಗಸಿನ ದನಿ ಅಂತ ಬರೆದಿದೆ."

ಆ ದನಿ ಯಾರದೆಂದು ಸೂಜಿಯಕ್ಕನಿಗೆ ಗೊತ್ತಾಯಿತು. ಸಂದರ್ಶನ ತಪ್ಪಿತು, ಭತ್ಯೆ ತಪ್ಪಿತು, ಪಾಪದ ಮನುಷ್ಯನೊಬ್ಬನಿಗೆ ಬಾಯಿಗೆ ಬಂದಂತೆ ಅಂದದ್ದೂ ಆಯಿತು.

"ಆ ಮಾತು ಆಡಿದೋರು ಬಂದು ಹೇಳಿದ್ರೆ ಪರಿಶೀಲಿಸ್ತೀವಿ" ಎಂದಳು ಅಧಿಕಾರಿ.

ಮನೆಗೆ ಬಂದು ಸೂಜಿಯಕ್ಕ ಕೂಗಾಡಲಿಲ್ಲ. ಕೂಗಾಡಲೂ ತ್ರಾಣ ಬೇಕು. ಬಾಗಿಲಿಗೆ ಒರಗಿ ನಿಂತು, "ಅತ್ತೆ, ಕಚೇರಿಯಿಂದ ಫೋನ್ ಬಂದಿತ್ತಾ?" ಎಂದು ಕೇಳಿದಳು.

ಮುದುಕಿ ಬಟಾಣಿ ಸುಲಿಯುತ್ತಿದ್ದಳು. ಬೆರಳು ನಿಂತಿತು. "ಯಾರೋ ಹುಡುಗಿ. ನಿಮ್ಮ ಸೊಸೆಗೆ ಇನ್ನೂ ಕೆಲಸ ಸಿಕ್ಕಿಲ್ವಾ ಅಂತ ಕೇಳಿದ್ಲು. ಹಾಗೆ ಕೇಳೋಕೆ ಅವಳ್ಯಾರು? ಪಕ್ಕದಲ್ಲಿ ಹಾಲಿನವಳು ಬೇರೆ ನಿಂತಿದ್ಲು."

"ಅವಳು ಸರ್ಕಾರದವಳು."

"ಅದನ್ನ ಮೊದಲೇ ಹೇಳಬೇಕಲ್ವಾ ಅವಳು?"

ಸೂಜಿಯಕ್ಕ ಏನಾಯಿತೆಂದು ಹೇಳಿದಳು. ಭತ್ಯೆ ನಿಂತದ್ದು, ಸಂದರ್ಶನ ತಪ್ಪಿದ್ದು. ಬಟಾಣಿಯ ಬಟ್ಟಲು ಮುಸ್ಸಂಜೆಯವರೆಗೂ ಮುದುಕಿಯ ಮಡಿಲಿನಲ್ಲಿ ಹಾಗೇ ಉಳಿಯಿತು. ದೀಪ ಹಾಕಲು ಬಂದ ಸೊಸೆಗೆ, "ನಾಳೆ ಆ ಕಿಟಕಿ ಎಷ್ಟು ಹೊತ್ತಿಗೆ ತೆಗೀತಾರೆ?" ಎಂದಷ್ಟೇ ಕೇಳಿದಳು.

ಮರುದಿನ ಅತ್ತೆ ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟಳು. ಬಸ್ಸಿನಲ್ಲಿ ಕಂಬಿ ಹಿಡಿದು ನೆಟ್ಟಗೆ ನಿಂತಳೇ ಹೊರತು, ಯಾರೋ ಬಿಟ್ಟುಕೊಟ್ಟ ಸೀಟಿನಲ್ಲಿ ಕೂರಲಿಲ್ಲ. ಕಚೇರಿಯ ಹಜಾರದಲ್ಲಿ ಅಷ್ಟೊಂದು ಜನರನ್ನು ನೋಡಿ ಒಂದು ಗಳಿಗೆ ಅವಳ ಕಾಲು ತಡೆಯಿತು. ಅವರೆಲ್ಲ ಕೆಲಸ ಕಳೆದುಕೊಂಡವರೇ ಎಂದು ಸೂಜಿಯಕ್ಕ ಕಿವಿಯಲ್ಲಿ ಹೇಳಿದಳು.

"ಇಷ್ಟೊಂದು ಜನಾನಾ?" ಎಂದಳು ಮುದುಕಿ, ನಿಧಾನವಾಗಿ.

ಕಿಟಕಿಯ ಮುಂದೆ ನಿಂತು ಅವಳು ದನಿ ತಗ್ಗಿಸಲಿಲ್ಲ. "ಫೋನಿನಲ್ಲಿ ಮಾತಾಡಿದ್ದು ನಾನೇ. ನನ್ನ ಸೊಸೆಗೆ ಕೆಲಸ ಇಲ್ಲ. ಹೋಗಿ ಬಹಳ ದಿನ ಆಯ್ತು."

"ಮತ್ತೆ ಇದೆ ಅಂತ ಯಾಕೆ ಸುಳ್ಳು ಹೇಳಿದ್ರಿ ಅಜ್ಜಿ?"

"ಸುಳ್ಳು ಅಂತ ಹೇಳಲಿಲ್ಲಮ್ಮಾ. ಮರ್ಯಾದೆ ಅಂತ ಹೇಳಿದೆ."

ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಯ ಮುಖದಲ್ಲೂ ನಗು ಬಂದು ಅರ್ಧದಲ್ಲೇ ನಿಂತಿತು. ಅವಳು ಟೈಪು ಮಾಡುತ್ತ, ಈ ನಡುವೆ ಬೇರೆ ಏನೂ ಕೆಲಸ ಮಾಡಿಲ್ಲ ತಾನೇ, ಎಂದು ಸೂಜಿಯಕ್ಕನನ್ನು ಕೇಳಿದಳು. ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸೋಫಾದ ವಿಷಯ ಆ ಪರದೆಯಲ್ಲಿ ಎಲ್ಲೂ ಇರಲಿಲ್ಲ. ಆದರೆ ಪಕ್ಕದಲ್ಲಿ ಮುದುಕಿ ಆಗಷ್ಟೇ ಜೀವಮಾನದ ಬಿಗುವನ್ನು ಬಿಚ್ಚಿಟ್ಟು ನಿಂತಿದ್ದಳು.

"ಎದುರು ಮನೆ ಸೋಫಾ ಹೊಲಿದೆ ಮೇಡಂ. ದುಡ್ಡು ಮುಟ್ಟಲಿಲ್ಲ. ಸುಮ್ಮನೆ ಕೂರೋಕಾಗಲಿಲ್ಲ."

ಅತ್ತೆ ಸೊಸೆಯ ತೋಳು ಚಿವುಟಿದಳು. ಅಧಿಕಾರಿ ಕೈ ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಇದನ್ನೂ ಬರೀಲೇಬೇಕು, ಎಂದಳು, ಬರೆದಳು. ಭತ್ಯೆ ಮತ್ತೆ ಶುರುವಾಗುತ್ತದೆ, ಸೋಫಾದ ದಿನಗಳದ್ದು ಕಡಿತವಾಗುತ್ತದೆ, ಸಂದರ್ಶನ ಮಾತ್ರ ಕೈತಪ್ಪಿದ್ದು ತಪ್ಪಿದ್ದೇ. "ಇನ್ಮೇಲೆ ಸೂಜಿ ಹಿಡಿಯೋ ಮುಂಚೆ ಒಂದು ಫೋನ್ ಮಾಡಿ" ಎಂದು ಸೇರಿಸಿದಳು. ಈ ಸಲ ಅವಳ ದನಿಯಲ್ಲಿ ಆ ಸವಕಲುತನ ಇರಲಿಲ್ಲ.

ಅದೇ ಸಂಜೆ ಸೂಜಿಯಕ್ಕ ಕಂಡಕ್ಟರ ಬಾಗಿಲು ತಟ್ಟಿದಳು. ತಪ್ಪಾಯ್ತು ಅಣ್ಣಾ, ನಿಮ್ಮಿಂದ ಆಗಿದ್ದಲ್ಲ, ಎಂದಳು. ಅವರು ಟೀಗೆ ಇಡುತ್ತ, ಬೆನ್ನು ತೋರಿಸಿಕೊಂಡೇ ಮಾತಾಡಿದರು.

"ಬಸ್ಸಲ್ಲಿ ಚಿಲ್ಲರೆಗೆ ನನ್ನ ಕಾಲರ್ ಹಿಡಿದೋರಿದ್ದಾರೆ. ನಿನ್ನದೇನು ಮಹಾ. ಆದ್ರೂ ನೋವಾಯ್ತು ಅನ್ನು."

ಟೀ ಲೋಟ ಕೈಗೆ ಕೊಡುತ್ತ, ಅವಳು ಕೇಳದೆಯೇ, ತಮ್ಮ ಹಳೇ ಡಿಪೋದಲ್ಲಿ ಹರಿದ ಸೀಟುಗಳು ಗುಡ್ಡೆ ಬಿದ್ದಿವೆ, ಅಲ್ಲಿಯ ಫೋರ್‌ಮನ್ ತಮಗೆ ಗೊತ್ತು, ಎಂದರು.

ಫೋರ್‌ಮನ್ ಮೂರು ಸಲ ಅಲೆಸಿದ. ಕೊನೆಗೆ ಗುತ್ತಿಗೆಯ ಮೇಲೆ, ಗುಡ್ಡೆ ಕರಗುವವರೆಗೆ, ಎಂದು ಒಪ್ಪಿದ. ಸೂಜಿಯಕ್ಕ ಮೊದಲು ಉದ್ಯೋಗ ಕಚೇರಿಗೆ ಹೋಗಿ ಭತ್ಯೆ ನಿಲ್ಲಿಸಿ ಎಂದಳು. ನಿಲ್ಲಿಸಿ ಹೊರಗೆ ಬಂದಾಗ ಹಗುರವೆನಿಸಲಿಲ್ಲ. ಹಿಡಿದುಕೊಂಡಿದ್ದ ಹಗ್ಗವನ್ನು ತಾನೇ ಬಿಟ್ಟಂತಾಯಿತು. ಗುಡ್ಡೆ ಕರಗಿದ ಮೇಲೆ ಮತ್ತೆ ಅದೇ ಹಜಾರ, ಅದೇ ಸಾಲು ಎಂಬುದು ಅವಳಿಗೆ ಗೊತ್ತಿತ್ತು.

ಡಿಪೋದ ಮೊದಲ ದಿನ ಬೆರಳು ಬಾತುಕೊಂಡಿತು. ತಿಂಗಳುಗಟ್ಟಲೆ ದಿನವಿಡೀ ಹೊಲಿಯದ ಕೈ. ಸಂಜೆ ಮನೆಗೆ ಬಂದಾಗ ಅತ್ತೆ ಬಿಸಿನೀರಿನ ಬಟ್ಟಲು ತಂದು ಮುಂದಿಟ್ಟು, ಸೊಸೆಯ ಕೈ ಹಿಡಿದು ತಾನೇ ಅದ್ದಿದಳು. ಅಷ್ಟು ವರ್ಷಗಳಲ್ಲಿ ಹಾಗೆ ಕೈ ಹಿಡಿದದ್ದು ಸೂಜಿಯಕ್ಕನಿಗೆ ನೆನಪಿರಲಿಲ್ಲ.

"ನಾಳೆಗೂ ಇದೆಯಾ ಕೆಲಸ?"

"ಇದೆ ಅತ್ತೆ."

"ಆಮೇಲೆ?"

"ಗೊತ್ತಿಲ್ಲ."

ಮುದುಕಿ ಹ್ಞೂಂ ಎಂದಳು. ನೀರು ಆರಿದೆ ಎಂದು ಗೊಣಗುತ್ತ ಮತ್ತೆ ಕಾಸಲು ಎದ್ದಳು.