ಹಿಟ್ಟು ಉಬ್ಬುವ ಹೊತ್ತಿನ ಸಂಪಾದಕಿ

ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಊರೆಲ್ಲ ಅಕ್ಕ ಎಂದೇ ಕರೆಯುವ ಒಡತಿ ಮೊಣಕೈವರೆಗೂ ಮೈದಾ ಮೆತ್ತಿಕೊಂಡು ಹಿಟ್ಟನ್ನು ಮೇಜಿಗೆ ಅಪ್ಪಳಿಸುತ್ತಿದ್ದಾರೆ. ಮಡಚಿ, ಒತ್ತಿ, ತಿರುವಿ, ಮತ್ತೆ ಅಪ್ಪಳಿಸಿ, ಕೊನೆಗೆ ಮಗುವನ್ನು ಮಲಗಿಸಿದ ಹಾಗೆ ಒದ್ದೆ ಬಟ್ಟೆ ಹೊದಿಸಿ ಮೂಲೆಗೆ ಸರಿಸುತ್ತಾರೆ. ಅದು ಉಬ್ಬುವವರೆಗೆ ಬಿಡುವು. ಕೈ ತಾನಾಗಿ ಏಪ್ರನ್ನಿಗೆ ಒರೆಸಿಕೊಂಡು ಗೋಡೆ ಬದಿಯ ಕಂಪ್ಯೂಟರಿನತ್ತ ಚಾಚುತ್ತದೆ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

"ನೋಡಿದ್ರಾ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ," ಎಂದು ನಗುತ್ತಾರೆ.

ಆ ಕಂಪ್ಯೂಟರಿನ ಕೀಲಿಮಣೆಯ ಸಂದುಗಳಲ್ಲಿ ಒಂಬತ್ತು ವರ್ಷಗಳ ಮೈದಾ ಕೂತಿದೆ. ಊರಿನ ಸೈಕಲ್ ಕ್ಲಬ್ಬಿನ ಸುದ್ದಿಪತ್ರ ಹೋದ ತಿಂಗಳವರೆಗೆ ಹುಟ್ಟುತ್ತಿದ್ದುದು ಇಲ್ಲೇ, ಹಿಟ್ಟು ಉಬ್ಬುವ ಹೊತ್ತಿನಲ್ಲಿ. ವೆಬ್‌ಸೈಟೂ ಇಲ್ಲೇ. ಭಾನುವಾರದ ಸವಾರಿ ಎಲ್ಲಿಂದ ಹೊರಡುತ್ತದೆ, ಯಾವ ರಸ್ತೆ ಅಗೆದಿದ್ದಾರೆ, ಯಾರ ಕೈಗವಸು ಯಾರ ಚೀಲ ಸೇರಿದೆ, ಏರಿನಲ್ಲಿ ಇಳಿದು ತಳ್ಳಿದವರ ಯಾವ ಫೋಟೋ ಹಾಕಬಾರದು, ಎಲ್ಲ ಬಂದು ಬೀಳುತ್ತಿದ್ದುದು ಈ ಹೆಂಗಸಿನ ತಲೆಯ ಮೇಲೆ. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆಗೆ ಸಭ್ಯರು ಇಟ್ಟಿರುವ ಹೆಸರು 'ಪ್ರೀತಿಯ ಕೆಲಸ'. ಕ್ಲಬ್ಬಿನಲ್ಲಿ ಪ್ರೀತಿ ಎಲ್ಲರಿಗೂ ಇತ್ತು. ಕೆಲಸ ಮಾತ್ರ ಒಬ್ಬರಿಗಿತ್ತು.

"ನಾನು ಸೇರಿದ್ದು ಸೈಕಲ್ ಹೊಡೆಯೋಕೆ ಕಣ್ರೀ," ಎನ್ನುತ್ತಾರೆ ಅಕ್ಕ. ಯಾರೋ ಬಳಸಿ ಬಿಟ್ಟ ನೀಲಿ ಸೈಕಲ್ಲೊಂದನ್ನು ಆಸೆಪಟ್ಟು ಕೊಂಡಿದ್ದರು. ಮೊದಲ ಸಭೆಯಲ್ಲಿ ಸುಮ್ಮನೆ ಕೂರಲಾಗದೆ, ವೆಬ್‌ಸೈಟಿನಲ್ಲಿ ಇನ್ನೂ ಹೋದ ವರ್ಷದ ಸವಾರಿಯೇ ಇದೆಯಲ್ಲ ಎಂದು ಕೇಳಿಬಿಟ್ಟರು. ಇಡೀ ಸಭೆ ಅವರತ್ತ ತಿರುಗಿ ಹಲ್ಲು ಬಿಟ್ಟಿತು. "ಒಂದೆರಡು ವಾರ ನೋಡ್ಕೊಳ್ಳಮ್ಮ ಅಂದ್ರು. ಹೂಂ ಅಂದೆ. ಆ ಎರಡು ವಾರ ಹೋದ ತಿಂಗಳವರೆಗೂ ಮುಗಿದಿರಲಿಲ್ಲ."

ಭಾನುವಾರ ಸದಸ್ಯರು ಗಾಳಿ ಸೀಳಿಕೊಂಡು ಹೋಗುವರು. ದಾರಿಯುದ್ದಕ್ಕೂ ಫೋಟೋ ಕಳಿಸುವರು. ಮನೆ ಸೇರಿ ಬೂಟು ಬಿಚ್ಚುವಷ್ಟರಲ್ಲಿ ಅವು ವೆಬ್‌ಸೈಟಿನಲ್ಲಿ ಇರಬೇಕು, ಇಲ್ಲದಿದ್ದರೆ ಫೋನು. ಹಾಗಾಗಿ ಅಕ್ಕ ಕಂಪ್ಯೂಟರಿನ ಮುಂದೆ, ನೀಲಿ ಸೈಕಲ್ ಗೋಡೆಯ ಮೊಳೆಯ ಮೇಲೆ. ಅದರ ಹ್ಯಾಂಡಲ್ಲಿಗೆ ಬ್ರೆಡ್ಡಿನ ಬುಟ್ಟಿ ನೇತುಬಿತ್ತು. ಒಂಬತ್ತು ವರ್ಷಗಳ ಫೋಟೋಗಳಲ್ಲಿ ಅವರನ್ನು ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ.

ವಾರ್ಷಿಕ ಸಭೆಯಲ್ಲಿ ಅಕ್ಕ ಎದ್ದು ನಿಂತು, "ನಂಗೂ ಸೈಕಲ್ ಹೊಡೀಬೇಕು. ಈ ಸಲ ಬೇರೆ ಯಾರಾದ್ರೂ ತಗೊಳ್ಳಿ," ಎಂದರು. ಜೋರು ಚಪ್ಪಾಳೆ ಬಿತ್ತು. "ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ ಅಕ್ಕಾ?" ಎಂದರು ಕಾರ್ಯದರ್ಶಿ. ಹೊಗಳಿಕೆಗಿಂತ ಗಟ್ಟಿಯಾದ ಬೀಗವನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಆಮೇಲೆ ಸಂಚಿಕೆಯ ಮೇಲೆ ಸಂಚಿಕೆಯಲ್ಲಿ 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂದು ದಪ್ಪಕ್ಷರದಲ್ಲಿ ಹಾಕಿದರು. ನರಪಿಳ್ಳೆಯೂ ಬರಲಿಲ್ಲ. ಬನ್ನು ಕೊಳ್ಳಲು ಬಂದ ಕಾರ್ಯದರ್ಶಿಯೇ ಉಪಾಯ ಹೇಳಿದರು: "ಜನ ಬೇಕು ಅಂದ್ರೆ ಸುದ್ದಿಪತ್ರದಲ್ಲಿ ಒಂದು ಮಾತು ಹಾಕಬಾರದಾ ಅಕ್ಕಾ?"

ಅಕ್ಕ ಬನ್ನಿನ ಪೊಟ್ಟಣವನ್ನು ಹಿಂಡಿಯೇ ಕೊಟ್ಟರಂತೆ.

ಒಲೆಯ ಬಳಿ ನಿಂತಿದ್ದ ಗಂಡ ನಕ್ಕುಬಿಟ್ಟರು. "ಅವರು ಅದರಲ್ಲಿ ಓದೋದು ಒಂದೇ ಸಾಲು ಕಣೇ. ಭಾನುವಾರ ಎಲ್ಲಿ ಸೇರ್ಬೇಕು ಅನ್ನೋದು."

"ರೀ, ಇದನ್ನ ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

ಮುಂದಿನ ಸಂಚಿಕೆಯಲ್ಲಿ ಆ ಸಾಲು ಬದಲಾಯಿತು: 'ಸೇರುವ ಸ್ಥಳ: ಬೇಕರಿಯ ಹಿತ್ತಲು.'

ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಕ್ಲಬ್ಬಿಗೆ ಕ್ಲಬ್ಬೇ ಹಿತ್ತಲಲ್ಲಿ ಹಾಜರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಯವರು ಒಳಗೆ ಬಂದದ್ದೇ ಅಕ್ಕ ಗೇಟಿಗೆ ಅಗುಳಿ ಜಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತರು. ತಲೆಯ ಮೇಲೆ ಹೆಲ್ಮೆಟ್, ಪಕ್ಕದಲ್ಲಿ ನೀಲಿ ಸೈಕಲ್. "ಒಳಗೆ ಒಂದು ಕುರ್ಚಿ ಇದೆ. ಅದರಲ್ಲಿ ಒಬ್ಬರು ಕೂತ್ಕೊಳ್ಳೋವರೆಗೂ ಈ ಗೇಟು ತೆಗೆಯಲ್ಲ."

"ನಂಗೆ ಕಂಪ್ಯೂಟರ್ ರಿಪೇರಿ ಬರುತ್ತೆ ಅಕ್ಕಾ, ಬರೆಯೋಕೆ ಬರಲ್ಲ," ಎಂದ ಕಂಪ್ಯೂಟರ್ ಅಂಗಡಿಯವ.

"ಬರೆಯೋಕೆ ಬರುತ್ತೆ, ಕಂಪ್ಯೂಟರ್ ಬರಲ್ಲ," ಎಂದರು ಕಾಲೇಜು ಮೇಷ್ಟ್ರು.

"ಹಾಗಾದ್ರೆ ಇಬ್ಬರೂ ಕೂತ್ಕೊಳ್ಳಿ!"

ಇಬ್ಬರೂ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು. ಉಳಿದವರು ಆಕಾಶ ನೋಡಿದರು. ಹಲ್ಲಿನ ಡಾಕ್ಟರು ಅಕ್ಕನ ಕಣ್ಣು ತಪ್ಪಿಸಲು ಪಂಪು ಹಿಡಿದು, ತುಂಬಿದ ಟೈರಿಗೇ ಗಾಳಿ ಹೊಡೆಯತೊಡಗಿದರು. ಡಾಕ್ಟರು ತಲೆ ಎತ್ತಲಿಲ್ಲ, ಹೊಡೆಯುತ್ತಲೇ ಹೋದರು. ಢಮ್ಮೆಂದಿತು.

ಒಲೆ ಸಿಡಿಯಿತೆಂದುಕೊಂಡು ಗಂಡ ಸೌಟು ಹಿಡಿದೇ ಓಡಿಬಂದರು. ಡಾಕ್ಟರು ಹರಿದ ಟೈರಿನ ಮುಂದೆ ಪಂಪು ಹಿಡಿದು ಕೂತೇ ಇದ್ದರು.

"ಡಾಕ್ಟ್ರೇ, ನಿಮ್ಮ ಸೈಕಲ್ ಇವತ್ತು ಎಲ್ಲಿಗೂ ಹೋಗಲ್ಲ," ಎಂದರು ಅಕ್ಕ ಮೆತ್ತಗೆ. "ಕುರ್ಚಿ ಖಾಲಿ ಇದೆ."

"ಇವತ್ತೊಂದು ದಿನಕ್ಕೆ ಮಾತ್ರ ಅಕ್ಕಾ..."

"ನಾನೂ ಹಂಗೇ ಅಂದ್ಕೊಂಡಿದ್ದೆ!"

ಆದರೆ ತಮ್ಮ ಕೊರಳಿನ ನೊಗವನ್ನು ಇನ್ನೊಬ್ಬರ ಕೊರಳಿಗೆ ಹಾಕಿ ಪಾರಾಗುವ ಜೀವವಲ್ಲ ಅದು. ಗೇಟು ತೆಗೆಯುವ ಮುಂಚೆ ಎಲ್ಲರ ಕೈ ಎತ್ತಿಸಿ ಒಂದು ನಿಯಮ ಮಾಡಿಸಿದರು: ಒಬ್ಬರಿಗೆ ಒಂದೇ ವರ್ಷ. ಆ ವರ್ಷ ಯಾರು ಹೆಚ್ಚು ತಪ್ಪು ಹುಡುಕುತ್ತಾರೋ ಮುಂದಿನ ಸರದಿ ಅವರದು. ಚಪ್ಪಾಳೆ ಬೀಳಲಿಲ್ಲ. ಅವತ್ತಿನಿಂದ ಕ್ಲಬ್ಬಿನಲ್ಲಿ ದೂರು ಹೇಳುವವರ ನಾಲಿಗೆ ಬಿದ್ದುಹೋಗಿದೆ. ಡಾಕ್ಟರು ಬಾಯಿ ತೆರೆದು ನಕ್ಕವರ ಫೋಟೋಗಳನ್ನೇ ಆರಿಸಿ ಹಾಕುತ್ತಾರೆ, ವೆಬ್‌ಸೈಟು ತೆರೆದರೆ ಬರೀ ಹಲ್ಲು. ಯಾರೂ ಪಿಟಿಕ್ಕೆನ್ನುವುದಿಲ್ಲ.

ಈಗ ಬ್ರೆಡ್ಡಿನ ಬುಟ್ಟಿಗೆ ಬೇರೆ ಮೊಳೆ ಸಿಕ್ಕಿದೆ. ಗಲ್ಲಾಪೆಟ್ಟಿಗೆಯ ಮೇಲುಗಡೆ ಅಕ್ಕನ ಮೊದಲ ಸವಾರಿಯ ಫೋಟೋ ಅಂಟಿಸಿದೆ. ಏರು ದಾರಿ, ಸಾಲು ಸಾಲು ನಗು. ಸಾಲಿನ ಕೊನೆಯಲ್ಲಿ, ಚೌಕಟ್ಟಿನ ಅಂಚಿಗೆ, ಒಂದು ಚಕ್ರ ಮತ್ತು ಅರ್ಧ ನೀಲಿ ಮಡ್‌ಗಾರ್ಡ್. ಬ್ರೆಡ್ಡಿಗೆ ಬಂದವರಿಗೆಲ್ಲ ಅಕ್ಕ ಅದನ್ನು ಬೆರಳಿಟ್ಟು ತೋರಿಸುತ್ತಾರೆ. "ಇದು ನಾನು."

"ನಿಮ್ಮನ್ನೇ ಕತ್ತರಿಸಿಬಿಟ್ಟಿದ್ದಾರಲ್ಲ! ಡಾಕ್ಟ್ರಿಗೆ ಹೇಳಿ, ಸರಿ ಮಾಡ್ತಾರೆ," ಎನ್ನುತ್ತಾರೆ ಇವತ್ತಿನ ಮೊದಲ ಗಿರಾಕಿ.

ಅಕ್ಕ ಗಾಬರಿಯಿಂದ ಬಾಗಿಲಿನತ್ತ ನೋಡಿ, ದನಿ ಇಳಿಸುತ್ತಾರೆ. "ಸುಮ್ನಿರಿ ಮಾರಾಯ್ರೇ, ತಪ್ಪು ಹುಡುಕಿದ್ರೆ ಕುರ್ಚಿ ಮತ್ತೆ ನಂಗೇ ಬರುತ್ತೆ. ಈ ಭಾನುವಾರ ಇನ್ನೊಂಚೂರು ಜೋರಾಗಿ ತುಳೀತೀನಿ. ಪೂರ್ತಿ ಬರ್ತೀನಿ."